ಹಳ್ಳಿಯ ಬೆಳಕು: ಪುರ ಗ್ರಾಮದ ಪ್ರಯೋಗ

ಕಾವ್ಯಗಳಲ್ಲಿ ವಿದ್ಯುತ್ತು ಕ್ಷಣಿಕತೆಗೆ ಉಪಮಾನ. ಮಿಂಚಿ ಮರೆಯಾಗುವುದೇ ಅದರ ಸ್ವಭಾವ. ಹಳ್ಳಿಗಾಡಿನ ದೀಪಗಳನ್ನು ಕಂಡವರಿಗೆ ಆ ಉಪಮಾನ ಬಹುಕಾಲ ಹಳತೆನಿಸಲಿಲ್ಲ.

1902ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ತಂತಿ ಹಾದುಹೋದ ದಾರಿಯ ಹಳ್ಳಿಗಳಲ್ಲಿ ಮಾತ್ರ ಹಣತೆ, ಸೀಮೆಎಣ್ಣೆಯ ಬುಡ್ಡಿಗಳೇ ದಶಕಗಳ ಕಾಲ ಉಳಿದವು.

ಜನರಿಗೆ ಬೇಕಾದುದು ಕಿಲೋವಾಟಲ್ಲ. ದೀಪ, ನೀರು, ಹಿಟ್ಟು. ಈ ತಿಳಿವನ್ನೇ ಯೋಜನೆಯ ತಳಹದಿಯಾಗಿಸಿದವರು ಅಮೂಲ್ಯ ಕೆ. ಎನ್. ರೆಡ್ಡಿಯವರು. ಮಲ್ಲೇಶ್ವರಕ್ಕೆ ಸಮೀಪದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅವರು 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ವಿಭಾಗವನ್ನು ಆರಂಭಿಸಿದರು. ಕುಣಿಗಲ್ ತಾಲ್ಲೂಕಿನ ಪುರ ಗ್ರಾಮ ಅದರ ಪ್ರಯೋಗಭೂಮಿಗಳಲ್ಲೊಂದು.

ಅಲ್ಲಿ ಮೊದಲ ಹೆಜ್ಜೆ ತಪ್ಪಿತು. ಸಗಣಿಯ ಅನಿಲವನ್ನು ಎಲ್ಲ ಮನೆಗಳ ಒಲೆಗೂ ಒದಗಿಸಬೇಕೆಂಬುದು ವಿಜ್ಞಾನಿಗಳ ಸಂಕಲ್ಪ. ಆದರೆ ಊರಿನ ದನಗಳ ಸಗಣಿ ಅಷ್ಟಕ್ಕೆ ಸಾಲದಾಯಿತು. ಊರವರ ಮೊದಲ ಬೇಡಿಕೆಯಾದರೋ ಕುಡಿಯುವ ನೀರಾಗಿತ್ತು! ಕೇಳಿ ತಿಳಿಯುವ ಮೊದಲೇ ಉಪಕರಿಸಹೊರಡುವ ಪಂಡಿತರ ಚಾಳಿ ಎಲ್ಲ ಶಾಸ್ತ್ರಗಳಲ್ಲಿಯೂ ಒಂದೇ. ಆದರೆ ಇವರು ತಿದ್ದಿಕೊಂಡರು. 1987ರಲ್ಲಿ ಅದೇ ಅನಿಲದಿಂದ ವಿದ್ಯುತ್ ಹುಟ್ಟಿತು. ಗಾಳಿಯಾಡದ ತೊಟ್ಟಿಯಲ್ಲಿ ಸೂಕ್ಷ್ಮಜೀವಿಗಳು ಸಗಣಿಯನ್ನು ಕೊಳೆಯಿಸಿದಾಗ ಮೀಥೇನ್ ಪ್ರಧಾನವಾದ ಅನಿಲವು ಹೊರಡುತ್ತದೆ. ಇದನ್ನು ಡೀಸೆಲ್ ಯಂತ್ರಕ್ಕೆ ಊಡಿದರೆ ಎಣ್ಣೆಯ ಬಹುಭಾಗ ಉಳಿಯುತ್ತದೆ. ಆ ಯಂತ್ರವು ಕೊಳವೆಬಾವಿಯ ನೀರನ್ನೆತ್ತಿತು. ಮನೆಗಳಲ್ಲಿ ದೀಪ ಬೆಳಗಿಸಿತು.

ವ್ಯವಸ್ಥೆಯ ಜೀವಾಳ ಯಂತ್ರದಲ್ಲಿರಲಿಲ್ಲ, ಲೆಕ್ಕದಲ್ಲಿತ್ತು. ತಂದ ಸಗಣಿಯನ್ನು ತೂಗಿ ಹಣ ಕೊಡುತ್ತಿದ್ದರು; ಅದು ಹೆಚ್ಚಾಗಿ ಹೆಂಗಸರ ಕೈಸೇರುತ್ತಿತ್ತು. ಕಳೆತ ಗೊಬ್ಬರ ಸಗಣಿ ಕೊಟ್ಟವರಿಗೇ ಮರಳುತ್ತಿತ್ತು. ನಡೆಸುವವರು ಊರಿನ ಯುವಕರೇ. ಶುಲ್ಕ ಕಟ್ಟದವರ ಮನೆಯ ದೀಪವನ್ನೂ ನಲ್ಲಿಯನ್ನೂ ನಿಲ್ಲಿಸುವ ಕಟ್ಟುಪಾಡಿತ್ತು. ಹೀಗೆ ಒಬ್ಬನ ಸೋಮಾರಿತನಕ್ಕೆ ಊರೆಲ್ಲ ತೆರುವ ಸಂದರ್ಭ ಬರಲಿಲ್ಲ.

1988ರಲ್ಲಿ ಅದೇ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಕಟ್ಟಿಗೆಯನ್ನು ಅನಿಲವಾಗಿಸಿ ಬೆಳಕು ಪಡೆದರು. ಕಟ್ಟಿಗೆಗಾಗಿ ತೋಪನ್ನೂ ಬೆಳೆಸಿದರು.

ಈ ಅನುಭವವು ಮುಂದೆ ರಾಜ್ಯದ ಲೆಕ್ಕಕ್ಕೂ ವಿಸ್ತರಿಸಿತು. 2000ನೆಯ ಇಸವಿಗೆ ಕರ್ನಾಟಕಕ್ಕೆ ಸುಮಾರು 4,750 ಕೋಟಿ ಯೂನಿಟ್ಟು ಬೇಕೆಂದು 1987ರ ಸರ್ಕಾರಿ ಸಮಿತಿಯೊಂದು ಅಂದಾಜು ಮಾಡಿತ್ತು. ರೆಡ್ಡಿಯವರೂ ಸಂಗಡಿಗರೂ ಎಲ್ಲ ಮನೆಗಳಿಗೂ ದೀಪವೆಂದಿಟ್ಟುಕೊಂಡೇ ಎಣಿಸಿ, ಸುಮಾರು 1,790 ಕೋಟಿ ಸಾಕೆಂದರು. ಉಳಿತಾಯದ ಒಂದು ಭಾಗ ಮಿತವ್ಯಯದ ದೀಪ, ಸುಧಾರಿಸಿದ ನೀರಾವರಿ ಪಂಪು, ಬಿಸಿಲಿನ ಬಿಸಿನೀರು ಇಂಥ ಸಣ್ಣ ಸಂಗತಿಗಳಿಂದ ಬರತಕ್ಕದ್ದಾಗಿತ್ತು.