ಸರ್ಕಾರದ ಹಣ, ಸುಖದೇವ್ ಕ್ಯಾಮೆರಾ

ಮುಖ್ಯ ಚಿತ್ರ ಆರಂಭವಾಗುವ ಮುನ್ನ ತೆರೆಯ ಮೇಲೆ ಮೂಡುತ್ತಿದ್ದ ಕಪ್ಪು-ಬಿಳುಪಿನ ‘ವಾರ್ತಾಚಿತ್ರ’ಗಳು ಐವತ್ತು ದಾಟಿದ ಓದುಗರಿಗೆ ನೆನಪಿರಬಹುದು. ಎಲ್ಲೋ ಅಣೆಕಟ್ಟೆಯ ಶಂಕುಸ್ಥಾಪನೆ, ಎಲ್ಲೋ ಪ್ರವಾಹ, ಮಂತ್ರಿಗಳ ಸಮೀಕ್ಷೆ, ಕೊನೆಯಲ್ಲಿ ಕ್ರಿಕೆಟ್ ಪಂದ್ಯದ ಒಂದೆರಡು ದೃಶ್ಯ. ಹಿನ್ನೆಲೆಯಲ್ಲಿ ಕನ್ನಡಕ್ಕೆ ಡಬ್ ಮಾಡಿದ ಗಂಭೀರ ಧ್ವನಿ. ಬೆಂಗಳೂರಿನ ಕೆಂಪೇಗೌಡ ರಸ್ತೆಯ ಚಿತ್ರಮಂದಿರಗಳಿಂದ ಹಿಡಿದು ಊರಾಚೆಯ ಟೂರಿಂಗ್ ಟಾಕೀಸಿನವರೆಗೆ ಎಲ್ಲ ಕಡೆಯೂ ಇದು ಇದ್ದದ್ದೇ. ‘ಇನ್ನೂ ನ್ಯೂಸ್ ರೀಲ್ ಓಡ್ತಿದೆ’ ಎಂದು ಹೊರಗೆ ನಿಂತು ಕಾಫಿ ಮುಗಿಸುತ್ತಿದ್ದವರೇ ಹೆಚ್ಚು ಎಂದು ಹಿರಿಯರು ಹೇಳುವುದುಂಟು.

ಆದರೆ ಅದೇ ರೀಲುಗಳ ನಡುವೆ ಕೆಲವೊಮ್ಮೆ ಬೇರೆಯೇ ಬಗೆಯ ಚಿತ್ರವೊಂದು ನುಸುಳಿಬಿಡುತ್ತಿತ್ತು. ಅಂಥ ಚಿತ್ರಗಳನ್ನು ತೆಗೆದವರಲ್ಲಿ ಎದ್ದು ಕಾಣುವ ಹೆಸರು ಎಸ್. ಸುಖದೇವ್. ಸರ್ಕಾರದ ಹಣದಿಂದಲೇ ದೇಶದ ಬಡತನವನ್ನು ಮುಲಾಜಿಲ್ಲದೆ ತೋರಿಸಿದ ನಿರ್ದೇಶಕ ಅವರು. ಕೆಲವೇ ವರ್ಷಗಳ ನಂತರ ಅದೇ ಸರ್ಕಾರ ತುರ್ತು ಪರಿಸ್ಥಿತಿ ಹೇರಿದಾಗ ಅದನ್ನು ಸಮರ್ಥಿಸುವ ಚಿತ್ರ ತೆಗೆದವರೂ ಅವರೇ. ಈ ಎರಡು ಸಂಗತಿಗಳನ್ನು ಒಟ್ಟಿಗೆ ಹೇಗೆ ಅರ್ಥ ಮಾಡಿಕೊಳ್ಳುವುದು ಎಂಬ ಪ್ರಶ್ನೆ ಇಂದಿಗೂ ಮುಗಿದಿಲ್ಲ.

ಸುಖದೇವ್ ಕಥೆಗೆ ಮೊದಲು ಫಿಲ್ಮ್ಸ್ ಡಿವಿಷನ್ ಎಂಬ ವ್ಯವಸ್ಥೆಯನ್ನು ತಿಳಿಯುವುದು ಅಗತ್ಯ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರ್ಕಾರ ಯುದ್ಧ ಪ್ರಚಾರಕ್ಕಾಗಿ ‘ಇನ್‌ಫರ್ಮೇಷನ್ ಫಿಲ್ಮ್ಸ್ ಆಫ್ ಇಂಡಿಯಾ’ ಎಂಬ ಘಟಕವನ್ನು ನಡೆಸಿತ್ತು. 1946ರಲ್ಲಿ ಅದು ಮುಚ್ಚಿಹೋಯಿತು. ಸ್ವಾತಂತ್ರ್ಯದ ನಂತರ, 1948ರಲ್ಲಿ, ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಅಡಿಯಲ್ಲಿ ಮುಂಬೈನಲ್ಲಿ ಫಿಲ್ಮ್ಸ್ ಡಿವಿಷನ್ ಸ್ಥಾಪನೆಯಾಯಿತು. ಸರ್ಕಾರ ಅನುಮೋದಿಸಿದ ಕಿರುಚಿತ್ರವನ್ನು ಪ್ರತಿ ಪ್ರದರ್ಶನದಲ್ಲೂ ತೋರಿಸಲೇಬೇಕೆಂಬ ಷರತ್ತು ಚಿತ್ರಮಂದಿರಗಳ ಪರವಾನಗಿಯಲ್ಲೇ ಇತ್ತು. ಸುಮಾರು 20 ನಿಮಿಷದವರೆಗಿನ ಈ ಚಿತ್ರಕ್ಕೆ ಮಂದಿರದ ಮಾಲೀಕರು ಬಾಡಿಗೆಯನ್ನೂ ತೆರಬೇಕಿತ್ತು. ಅದು ನಿವ್ವಳ ಗಳಿಕೆಯ ಶೇ. 1ರಷ್ಟು. ಬೇಡವೆಂದರೂ ಬಿಡದೆ ಕೊಟ್ಟು ಅದಕ್ಕೆ ಹಣವನ್ನೂ ವಸೂಲು ಮಾಡುವ ಈ ಪದ್ಧತಿಯ ವಿರುದ್ಧ ಪ್ರದರ್ಶಕರು ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. 1999ರಲ್ಲಿ ನ್ಯಾಯಾಲಯ ಕಡ್ಡಾಯ ಪ್ರದರ್ಶನವನ್ನು ಎತ್ತಿಹಿಡಿಯಿತು.

ಚಿತ್ರ ನಿರ್ದೇಶಕನ ದೃಷ್ಟಿಯಿಂದ ನೋಡಿದರೆ ಚಿತ್ರ ಬೇರೆ. ಖಾಸಗಿಯಾಗಿ ಸಾಕ್ಷ್ಯಚಿತ್ರ ತೆಗೆದರೆ ತೋರಿಸುವುದೆಲ್ಲಿ? ದೂರದರ್ಶನ ಇನ್ನೂ ಮನೆಮನೆ ತಲುಪಿರಲಿಲ್ಲ. ಹಣ, ಕಚ್ಚಾ ಫಿಲ್ಮ್, ದೇಶದ ಉದ್ದಗಲದ ಪ್ರೇಕ್ಷಕರು ಎಲ್ಲವೂ ಒಂದೇ ಬಾಗಿಲಿನ ಹಿಂದೆ ಇದ್ದವು. ಫಿಲ್ಮ್ಸ್ ಡಿವಿಷನ್ ತನ್ನ ನೌಕರರಿಂದಷ್ಟೇ ಅಲ್ಲದೆ ಹೊರಗಿನ ಸ್ವತಂತ್ರ ನಿರ್ಮಾಪಕರಿಂದಲೂ ಚಿತ್ರ ಮಾಡಿಸುತ್ತಿತ್ತು, ಅವರು ತೆಗೆದದ್ದನ್ನು ಕೊಳ್ಳುತ್ತಲೂ ಇತ್ತು. ಸುಖದೇವ್ ಈ ಎರಡನೇ ಗುಂಪಿಗೆ ಸೇರಿದವರು. ಅವರು ಸರ್ಕಾರಿ ನೌಕರರಾಗಿರಲಿಲ್ಲ ಎಂಬುದನ್ನು ಗಮನದಲ್ಲಿಡಬೇಕು.

1933ರಲ್ಲಿ ಡೆಹ್ರಾಡೂನ್‌ನಲ್ಲಿ ಜನಿಸಿದ ಸುಖದೇವ್ ಸಿಂಗ್ ಸಂಧು ಮುಂಬೈಗೆ ಬಂದು ಪಾಲ್ ಜಿಲ್ಸ್ ಬಳಿ ಕೆಲಸ ಕಲಿತರು. ಜಿಲ್ಸ್ ಜರ್ಮನಿಯವರು, ಯುದ್ಧಕಾಲದಲ್ಲಿ ಭಾರತದಲ್ಲಿ ಬಂಧನದಲ್ಲಿದ್ದು, ಬಿಡುಗಡೆಯ ನಂತರ ಇಲ್ಲಿಯೇ ಉಳಿದು ಸಾಕ್ಷ್ಯಚಿತ್ರಗಳನ್ನು ತೆಗೆದವರು. 1958ರಲ್ಲಿ ವಿನೋಬಾ ಭಾವೆಯವರ ಭೂದಾನ ಚಳವಳಿಯನ್ನು ಕುರಿತ ‘ದ ಸೇಂಟ್ ಅಂಡ್ ದ ಪೆಸೆಂಟ್’ ಮೂಲಕ ಸುಖದೇವ್ ನಿರ್ದೇಶಕರಾದರು. ಅವರತ್ತ ಗಮನ ಹರಿಯುವಂತೆ ಮಾಡಿದ್ದು ಮಾತ್ರ 1960ರ ದಶಕದ ಮಧ್ಯದಲ್ಲಿ ಬಂದ ‘ಅಂಡ್ ಮೈಲ್ಸ್ ಟು ಗೋ’. ಸಿರಿವಂತರ ಬದುಕನ್ನೂ ಹಸಿದವರ ಬದುಕನ್ನೂ ಪಕ್ಕಪಕ್ಕದಲ್ಲಿಟ್ಟು ಕತ್ತರಿಸಿ ಜೋಡಿಸಿದ ಈ ಚಿತ್ರದಲ್ಲಿ ಸಿಟ್ಟು ಎದ್ದು ಕಾಣುತ್ತದೆ. ಇದನ್ನು ಅವರು ಸ್ವತಂತ್ರವಾಗಿ ತೆಗೆದಿದ್ದರು. ನಂತರ ಅದನ್ನು ಕೊಂಡದ್ದು ಫಿಲ್ಮ್ಸ್ ಡಿವಿಷನ್.

ಸರ್ಕಾರಿ ಸಂಸ್ಥೆಯೊಂದು ಇಂಥ ಚಿತ್ರವನ್ನು ಕೊಳ್ಳಲು ಆ ಹೊತ್ತಿನ ವಾತಾವರಣವೂ ಕಾರಣ. ನೆಹರೂ ನಿಧನದ ನಂತರ, 1964ರಿಂದ 1966ರವರೆಗೆ ವಾರ್ತಾ ಸಚಿವೆಯಾಗಿದ್ದವರು ಇಂದಿರಾ ಗಾಂಧಿ. ಪ್ಯಾರಿಸ್‌ನ ಯುನೆಸ್ಕೊದಲ್ಲಿದ್ದ ಜೀನ್ ಭಾವನಗರಿ 1965ರಲ್ಲಿ ಫಿಲ್ಮ್ಸ್ ಡಿವಿಷನ್‌ನ ಮುಖ್ಯ ಸಲಹೆಗಾರರಾಗಿ ಬಂದರು. ವಿವರಣೆಯ ಧ್ವನಿಯಿಂದಲೇ ಎಲ್ಲವನ್ನೂ ಹೇಳಿಬಿಡುವ ಹಳೆಯ ಕ್ರಮವನ್ನು ಬಿಡುವಂತೆ ಅವರು ನಿರ್ದೇಶಕರನ್ನು ಹುರಿದುಂಬಿಸಿದರು. ಸಂಸ್ಥೆಯೊಳಗಿದ್ದ ಎಸ್.ಎನ್.ಎಸ್. ಶಾಸ್ತ್ರಿ 1967ರಲ್ಲಿ ‘ಐ ಆ್ಯಮ್ 20’ ತೆಗೆದರು. ಸ್ವತಂತ್ರ ಭಾರತದ ವಯಸ್ಸಿನವರೇ ಆದ ಯುವಕ-ಯುವತಿಯರು ಅದರಲ್ಲಿ ಕ್ಯಾಮೆರಾ ಎದುರು ಮನಸ್ಸು ಬಿಚ್ಚಿ ಮಾತನಾಡುತ್ತಾರೆ. ತನಗೆ ದೇಶದ ಮೇಲೆ ಅಂಥ ಪ್ರೀತಿಯೇನೂ ಇಲ್ಲ ಎಂದು ಒಬ್ಬಾತ ಹೇಳುವುದನ್ನೂ ಕತ್ತರಿಸದೆ ಉಳಿಸಿಕೊಳ್ಳಲಾಗಿದೆ. ಇಂದು ನೋಡಿದರೂ ಸ್ವಲ್ಪ ಬೆಚ್ಚಿಸುವ ಕ್ಷಣ ಅದು.

ಸುಖದೇವ್ ಅವರ ಶ್ರೇಷ್ಠ ಕೃತಿ ಎನ್ನಬಹುದಾದ ‘ಇಂಡಿಯಾ 67’ ಹುಟ್ಟಿದ್ದು ಇದೇ ಕಾಲಘಟ್ಟದಲ್ಲಿ. ಸುಮಾರು ಒಂದು ಗಂಟೆಯ ಈ ವರ್ಣಚಿತ್ರದಲ್ಲಿ ವಿವರಣೆಯ ಒಂದು ಮಾತೂ ಇಲ್ಲ. ದೇಶದ ಒಂದು ದಿನ ಎಂಬಂತೆ ಬೆಳಗಿನಿಂದ ಇರುಳಿನವರೆಗೆ ಹಳ್ಳಿ, ನಗರ, ಹೊಲ, ಕಾರ್ಖಾನೆ, ಜನಜಂಗುಳಿ ಸಾಗಿಹೋಗುತ್ತವೆ. ಶಬ್ದ ಹಾಗೂ ವಿಜಯ ರಾಘವ ರಾವ್ ಅವರ ಸಂಗೀತ ಮಾತ್ರ ಜೊತೆಗಿರುತ್ತವೆ. ಸತ್ಯಜಿತ್ ರಾಯ್ ಈ ಚಿತ್ರವನ್ನು ಮೆಚ್ಚಿದ್ದರು. ಆದರೆ ಬಡತನ-ಸಿರಿತನಗಳ ಢಾಳಾದ ವೈರುಧ್ಯಗಳಿಗಾಗಿ ಅಲ್ಲ, ಸಣ್ಣ ವಿವರಗಳಿಗಾಗಿ. ಬಿಸಿ ಮರಳಿನ ಮೇಲೆ ಹರಿದಾಡುವ ಕಪ್ಪು ಜೀರುಂಡೆ, ನಿಲ್ಲಿಸಿದ್ದ ಸೈಕಲ್ಲಿಗೆ ಕಾಲೆತ್ತುವ ಬೀದಿನಾಯಿ, ವಾದ್ಯಗಾರನ ಮೂಗಿನ ತುದಿಯಲ್ಲಿ ತೂಗುವ ಬೆವರಹನಿ ಅವರ ಮನಸ್ಸಿನಲ್ಲಿ ನಿಂತಿದ್ದವು. ಚಿತ್ರವನ್ನು ನೋಡಿದವರು ರಾಯ್ ಮಾತನ್ನು ಒಪ್ಪದಿರಲಾರರು. ಸುಖದೇವ್ ಘೋಷಣೆ ಕೂಗುವಾಗ ಸಾಧಾರಣ ನಿರ್ದೇಶಕ. ಸುಮ್ಮನೆ ನೋಡುವಾಗ ಅಸಾಧಾರಣ.

ಇದಾದ ಮೇಲೆ ಅವರು ಶಶಿ ಕಪೂರ್, ಶರ್ಮಿಳಾ ಟಾಗೋರ್ ಅಭಿನಯದ ‘ಮೈ ಲವ್’ (1970) ಎಂಬ ಕಥಾಚಿತ್ರಕ್ಕೂ ಕೈಹಾಕಿದರು. 1972ರ ‘ನೈನ್ ಮಂತ್ಸ್ ಟು ಫ್ರೀಡಂ’ ಬಾಂಗ್ಲಾದೇಶದ ವಿಮೋಚನೆಯನ್ನು ಕುರಿತದ್ದು. ಅಲ್ಲಿ ಸರ್ಕಾರದ ನಿಲುವಿಗೂ ನಿರ್ದೇಶಕರ ಸಿಟ್ಟಿಗೂ ಅಂತರವೇ ಇರಲಿಲ್ಲ. ನಿರಾಶ್ರಿತರ ಸಂಕಟದ ಎದುರು ಅಂತರಕ್ಕೆ ಎಡೆಯೂ ಇರಲಿಲ್ಲ.

ಮುಷ್ಕರದ ಎದುರು ಕ್ಯಾಮೆರಾ

ತೊಡಕು ಕಾಣಿಸಿಕೊಂಡದ್ದು 1974ರಲ್ಲಿ. ಮಂಗಳೂರಿನಲ್ಲಿ ಹುಟ್ಟಿ ಮುಂಬೈನಲ್ಲಿ ಕಾರ್ಮಿಕ ನಾಯಕರಾಗಿ ಬೆಳೆದ ಜಾರ್ಜ್ ಫರ್ನಾಂಡಿಸ್ ನೇತೃತ್ವದಲ್ಲಿ ಆ ವರ್ಷದ ಮೇ 8ರಂದು ದೇಶವ್ಯಾಪಿ ರೈಲ್ವೆ ಮುಷ್ಕರ ಆರಂಭವಾಯಿತು. ಅದಕ್ಕೆ ಮೊದಲೇ ಫರ್ನಾಂಡಿಸ್ ಬಂಧನವಾಗಿತ್ತು. ಸಾವಿರಾರು ನೌಕರರು ಜೈಲು ಸೇರಿದರು, ಅನೇಕರು ಕೆಲಸ ಕಳೆದುಕೊಂಡರು. ಮೇ 27ಕ್ಕೆ ಮುಷ್ಕರ ಹಿಂತೆಗೆದುಕೊಳ್ಳಲಾಯಿತು. ಈ ಸಂದರ್ಭದಲ್ಲಿ ಸುಖದೇವ್ ತೆಗೆದ ಚಿತ್ರದ ಹೆಸರು ‘ವಾಯ್ಸ್ ಆಫ್ ದ ಪೀಪಲ್’. ಜನರ ದನಿ ಎಂಬ ಹೆಸರು ಹೊತ್ತ ಅದು ಮುಷ್ಕರದಿಂದ ದೇಶಕ್ಕೆ ತೊಂದರೆ ಎಂಬ ಸರ್ಕಾರದ ವಾದವನ್ನು ಮುಂದಿಟ್ಟಿತು. ‘ಅಂಡ್ ಮೈಲ್ಸ್ ಟು ಗೋ’ದಲ್ಲಿ ದುಡಿಯುವವರ ಪರ ನಿಂತಿದ್ದ ಕ್ಯಾಮೆರಾ ಈಗ ಅವರ ಎದುರು ನಿಂತಿತ್ತು.

1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂತು. ಕೆಲವೇ ದಿನಗಳಲ್ಲಿ ವಾರ್ತಾ ಖಾತೆ ಐ.ಕೆ. ಗುಜ್ರಾಲ್ ಅವರಿಂದ ವಿ.ಸಿ. ಶುಕ್ಲಾ ಕೈಗೆ ಹೋಯಿತು. ಪತ್ರಿಕೆಗಳಿಗೆ ಸೆನ್ಸಾರ್ ಬಿತ್ತು. ‘ಕಿಸ್ಸಾ ಕುರ್ಸಿ ಕಾ’ ಚಿತ್ರದ ಪ್ರತಿಗಳೇ ನಾಶವಾದವು. ಇತ್ತ 1976ರಲ್ಲಿ ಸುಖದೇವ್ ‘ಥಂಡರ್ ಆಫ್ ಫ್ರೀಡಂ’ ತೆಗೆದು ತುರ್ತು ಪರಿಸ್ಥಿತಿಯಿಂದ ಆದ ‘ಲಾಭ’ಗಳನ್ನು ಜನರ ಬಾಯಿಂದಲೇ ಹೇಳಿಸಿದರು. ಮಾತನಾಡಿದವರಿಗೆ ಇಲ್ಲ ಎನ್ನುವ ಸ್ವಾತಂತ್ರ್ಯ ಎಷ್ಟಿತ್ತು ಎಂಬ ಪ್ರಶ್ನೆ ಚಿತ್ರದೊಳಗೆ ಏಳುವುದಿಲ್ಲ. ಸಂದರ್ಶನ ಎಂಬ ವಿಧಾನವನ್ನು ‘ಐ ಆ್ಯಮ್ 20’ ಬಳಸಿದ್ದಕ್ಕೂ ಇಲ್ಲಿ ಬಳಕೆಯಾದದ್ದಕ್ಕೂ ಇರುವ ದೂರ ಒಂಬತ್ತು ವರ್ಷಗಳದ್ದು ಮಾತ್ರವಲ್ಲ.

ಇದನ್ನು ಬರೀ ಹಣದಾಸೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಅದು ಪೂರ್ತಿ ಸತ್ಯವಾಗಲಾರದು. ಭೂಸುಧಾರಣೆ, ಜೀತ ವಿಮುಕ್ತಿಯಂಥ ಅಂಶಗಳಿದ್ದ ಇಂದಿರಾ ಅವರ 20 ಅಂಶಗಳ ಕಾರ್ಯಕ್ರಮವನ್ನು ನಂಬಿದ ಎಡಪಂಥೀಯ ಒಲವಿನವರು ಆಗ ಕಡಿಮೆಯಿರಲಿಲ್ಲ. ಸಿಪಿಐ ಪಕ್ಷವೇ ತುರ್ತು ಪರಿಸ್ಥಿತಿಯನ್ನು ಬೆಂಬಲಿಸಿತ್ತು. ಬಡತನದ ಬಗ್ಗೆ ಅಷ್ಟು ಸಿಟ್ಟು ಇದ್ದವರಿಗೆ, ಗಟ್ಟಿ ಕೈಯೊಂದು ಅದನ್ನು ಬೇಗ ತೊಡೆದುಹಾಕಬಲ್ಲುದು ಎಂಬ ನಂಬಿಕೆ ಬಂದಿದ್ದರೆ ಅಚ್ಚರಿಯೇನಿಲ್ಲ. ಹಾಗೆಂದು ಬೇರೆ ದಾರಿ ಇರಲೇ ಇಲ್ಲವೆಂದೂ ಅಲ್ಲ. ಅದೇ ವರ್ಷಗಳಲ್ಲಿ ಆನಂದ್ ಪಟವರ್ಧನ್ ಬಿಹಾರ ಚಳವಳಿ ಕುರಿತು ‘ಕ್ರಾಂತಿ ಕೀ ತರಂಗೇಂ’ ತೆಗೆದು, ಗುಟ್ಟಾಗಿ ತೋರಿಸಿ, ಪ್ರತಿಯನ್ನು ದೇಶದಾಚೆಗೆ ಸಾಗಿಸಿದರು. ಅವರ ಚಿತ್ರಕ್ಕೆ ಸಾವಿರಾರು ಚಿತ್ರಮಂದಿರಗಳ ಕಡ್ಡಾಯ ಪ್ರೇಕ್ಷಕರು ಸಿಗಲಿಲ್ಲ, ನಿಜ. ಆ ಪ್ರೇಕ್ಷಕರನ್ನು ಪಡೆಯಲು ಸುಖದೇವ್ ಎಷ್ಟು ಬೆಲೆ ತೆತ್ತರು ಎಂಬುದೇ ಇಲ್ಲಿನ ಪ್ರಶ್ನೆ.

1977ರಲ್ಲಿ ಸರ್ಕಾರ ಬದಲಾಯಿತು. ತುರ್ತು ಪರಿಸ್ಥಿತಿಯಲ್ಲಿ ಸಮೂಹ ಮಾಧ್ಯಮಗಳ ದುರ್ಬಳಕೆ ಕುರಿತು ಜನತಾ ಸರ್ಕಾರ ಆ ವರ್ಷವೇ ಶ್ವೇತಪತ್ರ ಹೊರಡಿಸಿತು. 1979ರ ಮಾರ್ಚ್ 1ರಂದು ಸುಖದೇವ್ ತೀರಿಕೊಂಡಾಗ ಅವರಿಗೆ ಕೇವಲ 45 ವರ್ಷ. ಒಂದು ವರ್ಷ ಮೊದಲು, 1978ರಲ್ಲಿ, ಶಾಸ್ತ್ರಿ ಕೂಡ ಕಣ್ಮರೆಯಾಗಿದ್ದರು.

ಫಿಲ್ಮ್ಸ್ ಡಿವಿಷನ್ ಈಗ ಪ್ರತ್ಯೇಕ ಸಂಸ್ಥೆಯಾಗಿ ಉಳಿದಿಲ್ಲ. 2022ರಲ್ಲಿ ಅದರ ಚಿತ್ರ ನಿರ್ಮಾಣದ ಹೊಣೆಯನ್ನು ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮಕ್ಕೆ ವಹಿಸಲಾಯಿತು. ದಶಕಗಳ ಕಾಲ ಕೂಡಿಬಂದ 8 ಸಾವಿರಕ್ಕೂ ಹೆಚ್ಚು ಚಿತ್ರಗಳ ಸಂಗ್ರಹದ ಭವಿಷ್ಯದ ಬಗ್ಗೆ ಆಗ ಅನೇಕ ಚಿತ್ರ ನಿರ್ದೇಶಕರು ಆತಂಕ ವ್ಯಕ್ತಪಡಿಸಿದ್ದರು. ‘ಇಂಡಿಯಾ 67’, ‘ಥಂಡರ್ ಆಫ್ ಫ್ರೀಡಂ’ ಎರಡೂ ಸೇರಿರುವುದು ಅದೇ ಪರಂಪರೆಗೆ.

ಸಂಸ್ಥೆ ಮುಚ್ಚುವುದಕ್ಕೆ ಸುಮಾರು ಒಂದು ದಶಕದ ಹಿಂದೆ ಸುಖದೇವ್ ಬಗ್ಗೆಯೇ ಅದು ಒಂದು ಚಿತ್ರವನ್ನು ನಿರ್ಮಿಸಿತ್ತು. ‘ದ ಲಾಸ್ಟ್ ಅಡ್ಯೂ’ ಎಂಬ ಆ ಸಾಕ್ಷ್ಯಚಿತ್ರದ ನಿರ್ದೇಶಕಿ ಅವರ ಪುತ್ರಿ ಶಬನಂ ಸುಖದೇವ್. ತಂದೆ ತೆಗೆದ ಚಿತ್ರಗಳನ್ನು ನೋಡುತ್ತಾ, ಅವರ ಜೊತೆ ಕೆಲಸ ಮಾಡಿದವರನ್ನು ಮಾತನಾಡಿಸುತ್ತಾ, ತಾನು ಸರಿಯಾಗಿ ಅರಿಯದೇ ಹೋದ ತಂದೆಯನ್ನು ಮಗಳು ಅದರಲ್ಲಿ ಹುಡುಕುತ್ತಾರೆ.