ಗುರುವಿಗೆ ನಾಲ್ಕು, ಶಿಷ್ಯನಿಗೆ ಎಂಟು

ಹಸಿರೆಲೆಯು ಬಿಸಿಲಿನ ನೆರವಿನಿಂದ ನೀರನ್ನೂ ಇಂಗಾಲದ ಡೈಆಕ್ಸೈಡನ್ನೂ ಸಕ್ಕರೆಯಾಗಿ ಮಾರ್ಪಡಿಸಿ ಆಮ್ಲಜನಕವನ್ನು ಹೊರಬಿಡುತ್ತದೆ ಎಂದು ನಮ್ಮ ಮನೆಗಳ ಮಕ್ಕಳು ಪರೀಕ್ಷೆಯ ಮುನ್ನಾದಿನ ಬಾಯಿಪಾಠ ಒಪ್ಪಿಸುವುದನ್ನು ನಾವು ಕೇಳಿದ್ದೇವೆ. ದ್ಯುತಿಸಂಶ್ಲೇಷಣೆಯ ಆ ನಾಲ್ಕು ಸಾಲುಗಳ ಹಿಂದೆ, ತನ್ನ ಗುರುವಿನ ಮಾತನ್ನು ಒಪ್ಪಲಾರದೆ ಇಪ್ಪತ್ತು ವರ್ಷ ದುಡಿದ ಶಿಷ್ಯನೊಬ್ಬನ ಬಾಳೂ ಅಡಗಿದೆ.

ಆತ ರಾಬರ್ಟ್ ಎಮರ್ಸನ್. 1903ರಲ್ಲಿ ನ್ಯೂಯಾರ್ಕಿನಲ್ಲಿ ಜನಿಸಿದ ಆತ ಉನ್ನತ ವ್ಯಾಸಂಗಕ್ಕೆಂದು ಜರ್ಮನಿಗೆ ತೆರಳಿ, ಒಟ್ಟೊ ವಾರ್‌ಬರ್ಗ್ ಎಂಬ ಪ್ರಖ್ಯಾತ ವಿಜ್ಞಾನಿಯ ಕೈಕೆಳಗೆ ಕಲಿತು 1927ರಲ್ಲಿ ಡಾಕ್ಟರೇಟ್ ಪಡೆದನು. ಗುರುವಿಗೆ 1931ರಲ್ಲಿ ನೊಬೆಲ್ ಪುರಸ್ಕಾರ ಸಂದಿತು. ಕ್ಲೋರೆಲ್ಲಾ ಎಂಬ ಸೂಕ್ಷ್ಮ ಪಾಚಿಯನ್ನು ಗಾಜಿನ ಪಾತ್ರೆಯಲ್ಲಿಟ್ಟು, ಬೆಳಕು ಬಿದ್ದಾಗ ಒಳಗಿನ ಅನಿಲದ ಒತ್ತಡ ಎಷ್ಟು ಏರುತ್ತದೆಂದು ಅಳೆಯುವ ವಿದ್ಯೆಯನ್ನು ಶಿಷ್ಯನು ಕಲಿತದ್ದು ಆ ಗುರುವಿನಿಂದಲೇ.

ಅಮೆರಿಕಕ್ಕೆ ಮರಳಿದ ಎಮರ್ಸನ್ ಕ್ಯಾಲಿಫೋರ್ನಿಯಾದಲ್ಲಿ ವಿಲಿಯಂ ಆರ್ನಾಲ್ಡ್ ಎಂಬ ತರುಣನೊಡನೆ ಪಾಚಿಯ ಮೇಲೆ ಕ್ಷಣಾರ್ಧಕ್ಕೂ ಕಿರಿದಾದ ಮಿಂಚುಬೆಳಕನ್ನು ಹಾಯಿಸಿ ನೋಡಿದನು. 1932ರಲ್ಲಿ ಪ್ರಕಟವಾದ ಫಲಿತಾಂಶ ಎಲ್ಲರನ್ನೂ ಬೆರಗುಗೊಳಿಸಿತು: ಒಂದು ಮಿಂಚಿಗೆ ಸುಮಾರು 2,400 ಪತ್ರಹರಿತ್ತಿನ ಅಣುಗಳಿಗೆ ಆಮ್ಲಜನಕದ ಒಂದೇ ಅಣು! ನೂರಾರು ಅಣುಗಳು ಬೆಳಕನ್ನು ಹಿಡಿದು ಒಂದೇ ಕೇಂದ್ರಕ್ಕೆ ಒಪ್ಪಿಸುತ್ತವೆಂಬ ತಿಳಿವಳಿಕೆಗೆ ಇದೇ ಬುನಾದಿಯಾಯಿತು.

ತೊಡಕು ಹುಟ್ಟಿದ್ದು ಇನ್ನೊಂದು ಲೆಕ್ಕದಲ್ಲಿ. ಆಮ್ಲಜನಕದ ಒಂದು ಅಣು ಹೊರಬರಲು ಬೆಳಕಿನ ಎಷ್ಟು ಕಣಗಳು ಬೇಕು? ನಾಲ್ಕು ಸಾಕೆಂದು ವಾರ್‌ಬರ್ಗ್ 1920ರ ದಶಕದ ಆದಿಯಲ್ಲೇ ಸಾರಿದ್ದನು. ಹಾಗಾದಲ್ಲಿ ಹೀರಿದ ಕೆಂಪು ಬೆಳಕಿನ ಶಕ್ತಿಯಲ್ಲಿ ಸುಮಾರು ಮೂರನೆಯ ಎರಡು ಪಾಲನ್ನು ಸಸ್ಯವು ಕೂಡಿಡುತ್ತದೆಂದು ಅರ್ಥ. ನಿಸರ್ಗದ ಕೆಲಸ ಅಚ್ಚುಕಟ್ಟಾಗಿಯೇ ಇರಬೇಕೆಂಬ ನಂಬಿಕೆ ಆತನದು. ಸುಂದರವಾದ ನಂಬಿಕೆಯೇ; ಆದರೆ ಅಳತೆಗೋಲು ನಂಬಿಕೆಯ ಮುಖ ನೋಡುವುದಿಲ್ಲವಷ್ಟೆ.

ಎಮರ್ಸನ್ ಹೊರಟದ್ದು ಗುರುವಿನ ಲೆಕ್ಕವನ್ನು ಮತ್ತೊಮ್ಮೆ ಪರೀಕ್ಷಿಸಲು. ಚಾರ್ಲ್‌ಟನ್ ಲೂಯಿಸ್‌ನ ಜೊತೆಗೂಡಿ ನಡೆಸಿದ ಪ್ರಯೋಗಗಳಲ್ಲಿ ಆತನಿಗೆ ಕಂಡದ್ದಿಷ್ಟು: ಬೆಳಕು ಬಿದ್ದ ಮೊದಲ ಕೆಲ ನಿಮಿಷಗಳಲ್ಲಿ ಪಾಚಿಯು ಇಂಗಾಲದ ಡೈಆಕ್ಸೈಡನ್ನೂ ಒಮ್ಮೆಲೇ ಉಗುಳುತ್ತದೆ. ಒತ್ತಡವನ್ನಷ್ಟೇ ಅಳೆಯುವವನು ಅದನ್ನೂ ಆಮ್ಲಜನಕವೆಂದೇ ಎಣಿಸಿಬಿಡುತ್ತಾನೆ. ಆ ದೋಷವನ್ನು ಕಳೆದಾಗ ಬೇಕಾದ ಕಣಗಳ ಸಂಖ್ಯೆ ಎಂಟರಿಂದ ಹನ್ನೆರಡರವರೆಗೆ ಬಂದಿತು.

ನಡುವೆ ಮಹಾಯುದ್ಧ ಬಂದಿತು. ಜಪಾನೀ ಮೂಲದ ಸಾವಿರಾರು ಮಂದಿಯನ್ನು ಅಮೆರಿಕ ಸರಕಾರ ಶಿಬಿರಗಳಲ್ಲಿ ಕೂಡಿಹಾಕಿದಾಗ, ಆ ಅನ್ಯಾಯದಿಂದ ನೊಂದ ಎಮರ್ಸನ್ ಮಂಜನಾರ್ ಶಿಬಿರದ ಬಂದಿಗಳೊಡನೆ ಗ್ವಾಯುಲೆ ಎಂಬ ಪೊದೆಯಿಂದ ರಬ್ಬರ್ ತೆಗೆಯುವ ಸಂಶೋಧನೆಯಲ್ಲಿ ತೊಡಗಿದನು. ಆತನ ವಿಜ್ಞಾನದ ಬಗ್ಗೆ ಬರೆಯುವವರು ಇದನ್ನು ಒಂದೇ ಸಾಲಿನಲ್ಲಿ ದಾಟಿಬಿಡುತ್ತಾರೆ. ನಮಗಾದರೋ ಆತನ ಸ್ವಭಾವದ ಕೀಲಿಕೈ ಇಲ್ಲಿಯೇ ಇದೆಯೆಂದು ತೋರುತ್ತದೆ.

ಯುದ್ಧಾನಂತರ ಎಮರ್ಸನ್ ಇಲಿನಾಯ್ ವಿಶ್ವವಿದ್ಯಾಲಯವಿರುವ ಅರ್ಬಾನಾದಲ್ಲಿ ನೆಲೆಸಿದನು. 1948ರಲ್ಲಿ ಗುರುವೇ ಸ್ವತಃ ಅಲ್ಲಿಗೆ ಬಂದನು. ಗುರುಶಿಷ್ಯರು ಒಂದೇ ಊರಿನಲ್ಲಿದ್ದು ತಿಂಗಳುಗಟ್ಟಲೆ ಪ್ರಯೋಗ ನಡೆಸಿದರೂ ಒಮ್ಮತ ಮೂಡಲಿಲ್ಲ. ವಾರ್‌ಬರ್ಗ್ ತನ್ನ ಸಂಖ್ಯೆಯನ್ನೇ ಹಿಡಿದುಕೊಂಡು ಹಿಂದಿರುಗಿದನು.

ಎಮರ್ಸನ್‌ನ ಮನಸ್ಸಿನಲ್ಲಿ ಬೇರೊಂದು ಒಗಟೂ ಉಳಿದಿತ್ತು. 685 ನ್ಯಾನೋಮೀಟರಿಗಿಂತ ದೀರ್ಘ ತರಂಗದ ಕೆಂಪು ಬೆಳಕನ್ನು ಪತ್ರಹರಿತ್ತು ಹೀರಿಕೊಂಡರೂ ಆಮ್ಲಜನಕದ ಉತ್ಪಾದನೆ ಥಟ್ಟನೆ ಕುಸಿಯುವುದನ್ನು ಆತನೂ ಲೂಯಿಸನೂ 1943ರಲ್ಲಿ ವರದಿ ಮಾಡಿದ್ದರು. 1957ರಲ್ಲಿ ಉತ್ತರದ ಎಳೆ ಸಿಕ್ಕಿತು. ಆ ಕಡುಗೆಂಪಿನೊಂದಿಗೆ ಕಿರಿದಾದ ತರಂಗದ ಬೆಳಕನ್ನೂ ಬೆರೆಸಿದಾಗ, ಎರಡೂ ಬೇರೆ ಬೇರೆಯಾಗಿ ಕೊಡುವ ಮೊತ್ತಕ್ಕಿಂತ ಹೆಚ್ಚು ಆಮ್ಲಜನಕ ಹೊರಬಂದಿತು. ಅಂದರೆ ಎಲೆಯೊಳಗೆ ಕೆಲಸ ಮಾಡುವ ಯಂತ್ರ ಒಂದಲ್ಲ, ಎರಡು. ಒಂದು ಇನ್ನೊಂದರ ಕೈಗೆ ಎಲೆಕ್ಟ್ರಾನನ್ನು ದಾಟಿಸುತ್ತದೆ. ಒಂದು ಅಣು ಆಮ್ಲಜನಕಕ್ಕೆ ನಾಲ್ಕು ಎಲೆಕ್ಟ್ರಾನುಗಳು ಎರಡು ಬಾರಿ ಮೇಲೇರಬೇಕು. ಎರಡು ನಾಲ್ಕಲ ಎಂಟು! ಇಂದು ಕಾಲೇಜಿನ ಮಕ್ಕಳು ಬರೆಯುವ ‘ಝಡ್’ ಆಕಾರದ ನಕ್ಷೆಯ ಹುಟ್ಟಿಗೆ ಈ ಪ್ರಯೋಗವೇ ದಾರಿ ತೋರಿತು.

ಆ ನಕ್ಷೆ 1960ರಲ್ಲಿ ರೂಪು ತಳೆಯುವಾಗ ಎಮರ್ಸನ್ ಇರಲಿಲ್ಲ. 1959ರ ಫೆಬ್ರವರಿಯಲ್ಲಿ ಆತನಿದ್ದ ವಿಮಾನ ನ್ಯೂಯಾರ್ಕಿನ ಈಸ್ಟ್ ನದಿಗೆ ಬಿದ್ದು ಆತನ ಬಾಳು ಐವತ್ತೈದರಲ್ಲೇ ಮುಗಿಯಿತು.

ಆಗ ಆತನ ಪ್ರಯೋಗಾಲಯದಲ್ಲಿ ಅಲಹಾಬಾದಿನಿಂದ ಕಲಿಯಲು ಬಂದಿದ್ದ ಭಾರತೀಯ ದಂಪತಿಗಳಿದ್ದರು: ಗೋವಿಂದ್‌ಜಿ ಮತ್ತು ರಜನಿ. ಗುರುವನ್ನು ಕಳೆದುಕೊಂಡ ಅವರು ಯೂಜೀನ್ ರಾಬಿನೋವಿಚ್‌ರ ಆಶ್ರಯದಲ್ಲಿ ವ್ಯಾಸಂಗ ಪೂರೈಸಿದರು. ತಾನು ಹೇಳಿದ ಕ್ರಮದಲ್ಲಿ ಪಾಚಿಯನ್ನು ಬೆಳೆಸದೆ ತನ್ನ ಸಂಖ್ಯೆಯನ್ನು ಅಲ್ಲಗಳೆಯಲಾಗದು ಎಂಬುದು ವಾರ್‌ಬರ್ಗನ ಪಟ್ಟಾಗಿತ್ತು. ಆಗಲಿ ಎಂದು ಅವರು ಆತನು ಬಯಸಿದಂತೆಯೇ ಎಳೆಯ ಪಾಚಿಯನ್ನು ಬೆಳೆಸಿ, ಆತನು ಕೇಳಿದಷ್ಟೇ ಇಂಗಾಲದ ಡೈಆಕ್ಸೈಡನ್ನು ಒದಗಿಸಿ ಅಳೆದರು. 1968ರಲ್ಲಿ ಪ್ರಕಟವಾದ ಆ ಲೆಕ್ಕದಲ್ಲಿಯೂ ಸಂಖ್ಯೆ ಎಂಟಕ್ಕಿಂತ ಕೆಳಗಿಳಿಯಲಿಲ್ಲ. ವಾರ್‌ಬರ್ಗ್ 1970ರಲ್ಲಿ ತೀರಿಕೊಂಡನು. ಕೊನೆಯವರೆಗೂ ಆತ ಅದನ್ನು ಒಪ್ಪಲಿಲ್ಲ.