ಯಂತ್ರದ ಒಡಲೊಳಗೊಂದು ಕಿರುಭಾಷೆ

ಇಟ್ಟಂಗಿಹಾಳದ ಕಡೆಯ ದ್ರಾಕ್ಷಿಯ ತೋಟವೊಂದನ್ನು ಕಲ್ಪಿಸಿಕೊಳ್ಳೋಣ. ಅಲ್ಲಿನ ಹನಿ ನೀರಾವರಿಯನ್ನು ಒಂದು ಸಣ್ಣ ಗಣಕಯಂತ್ರವು ನಡೆಯಿಸುತ್ತಿದೆ. ಯಾವ ವಾಲ್ವು ಎಷ್ಟು ಹೊತ್ತು ತೆರೆದಿರಬೇಕೆಂಬುದು ಅದರ ಕ್ರಮವಿಧಿಯೊಳಗೇ ಅಡಕವಾಗಿದ್ದರೆ, 20 ನಿಮಿಷವನ್ನು 30 ಮಾಡುವುದಕ್ಕೂ ಅದನ್ನು ಬರೆದವನನ್ನೇ ಕರೆಯಿಸಬೇಕು. ಆದುದರಿಂದ ಬದಲಾಗುವ ಅಂಕಿಗಳನ್ನು ಬೇರೊಂದು ಕಡತದಲ್ಲಿ ಬರೆದಿಡುವುದು ರೂಢಿ. ‘ವಾಲ್ವು 3: 20 ನಿಮಿಷ’ ಎಂಬಷ್ಟನ್ನು ಯಾರಾದರೂ ತಿದ್ದಬಲ್ಲರು.

ಆದರೆ ತೋಟದವನ ಬೇಡಿಕೆ ಇಲ್ಲಿಗೇ ನಿಲ್ಲುವುದಿಲ್ಲ. ಮಣ್ಣು ಹಸಿಯಾಗಿದ್ದರೆ 10 ನಿಮಿಷ ಸಾಕು. ಚಾಟನಿಯಾದ ಮೇಲೆ ಬೇರೆ ಲೆಕ್ಕ. ಕರೆಂಟು ಹೋಗಿ ಬಂದರೆ ಉಳಿದಷ್ಟನ್ನೇ ಬಿಡಬೇಕು. ‘ಹೀಗಿದ್ದರೆ’, ‘ಇಲ್ಲದಿದ್ದರೆ’ಗಳು ಬಂದೊಡನೆ ಅಂಕಿಗಳ ಪಟ್ಟಿಯು ಭಾಷೆಯಾಗತೊಡಗುತ್ತದೆ. ದಿನಕ್ಕೊಂದು ತೇಪೆ ಹಾಕುತ್ತ ಹೋದರೆ ಕೊನೆಗೆ ಹುಟ್ಟುವುದು ನೆಟ್ಟಗೆ ವ್ಯಾಕರಣವಿಲ್ಲದ ಒಂದು ವಿಚಿತ್ರ ಭಾಷೆ. ಅದನ್ನು ಬಲ್ಲವನು ಹಾಕಿದವನೊಬ್ಬನೇ!

ಬ್ರೆಜಿಲ್ ದೇಶದ ರಿಯೋ ನಗರದ ಪಾಂಟಿಫಿಕಲ್ ಕ್ಯಾಥೊಲಿಕ್ ವಿಶ್ವವಿದ್ಯಾನಿಲಯದಲ್ಲಿ ಇದೇ ಪ್ರಸಂಗ ಒದಗಿತು. ಪೆಟ್ರೋಬ್ರಾಸ್ ಎಂಬ ತೈಲ ಸಂಸ್ಥೆಗಾಗಿ ಅಲ್ಲಿ ‘ಡೆಲ್’, ‘ಸೋಲ್’ ಎಂಬ ಎರಡು ವಿವರಣಾ ಭಾಷೆಗಳನ್ನು ರಚಿಸಿದ್ದರು. ಬಳಸುವವರು ಷರತ್ತುಗಳೂ ಆವರ್ತನೆಗಳೂ ಬೇಕೆಂದರು. 1993ರಲ್ಲಿ ರಾಬರ್ಟೊ ಯೆರುಸಲಿಮ್‌ಸ್ಕಿ, ವಾಲ್ಡೆಮಾರ್ ಸೆಲೆಸ್, ಲೂಯಿಜ್ ಹೆನ್ರಿಕ್ ಡಿ ಫಿಗೆರೆಡೊ ಈ ಮೂವರೂ ಎರಡನ್ನೂ ಬಿಟ್ಟು, ಒಂದೇ ಪೂರ್ಣ ಭಾಷೆಯನ್ನು ಕಟ್ಟಿದರು. ಪೋರ್ಚುಗೀಸಿನಲ್ಲಿ ‘ಸೋಲ್’ ಎಂದರೆ ಸೂರ್ಯ. ಹೊಸ ಭಾಷೆಗೆ ‘ಲುವಾ’, ಅಂದರೆ ಚಂದ್ರ, ಎಂದು ಹೆಸರಿಟ್ಟರು.

ಲುವಾ ‘ಸಿ’ ಭಾಷೆಯ ಕ್ರಮವಿಧಿಯೊಳಗೆ ಅತಿಥಿಯಂತೆ ನೆಲಸುತ್ತದೆ. ಅತಿಥಿಗೆ ಯಾವ ಆಜ್ಞೆಗಳನ್ನು ಒಪ್ಪಿಸಬೇಕೆಂಬುದು ಮನೆಯೊಡೆಯನ ಇಚ್ಛೆ. ‘ವಾಲ್ವನ್ನು ತೆರೆ’ ಎಂಬುದನ್ನು ಕೊಟ್ಟು ‘ಕಡತವನ್ನು ಅಳಿಸು’ ಎಂಬುದನ್ನು ಕೊಡದಿದ್ದರೆ, ತೋಟದವನು ಮರೆತೂ ಕಡತವನ್ನು ಅಳಿಸಲಾರನು. ಈ ಬೇಲಿಯೇ ಇಡೀ ಏರ್ಪಾಡಿನ ಜಾಣತನವೆಂದು ನಾವು ಬಗೆಯುತ್ತೇವೆ.

ಒಂದು ಅಪಾಯ ಮಾತ್ರ ಈ ಬೇಲಿಗೆ ಜಗ್ಗದು. ಪೂರ್ಣ ಭಾಷೆಯಲ್ಲಿ ಬರೆದ ಕ್ರಮವಿಧಿಯು ಎಂದಾದರೂ ಮುಗಿಯುವುದೋ ಇಲ್ಲವೋ ಎಂಬುದನ್ನು ಎಲ್ಲ ಸಂದರ್ಭಗಳಲ್ಲಿಯೂ ಮೊದಲೇ ಹೇಳಬಲ್ಲ ವಿಧಾನವಿಲ್ಲವೆಂದು 1936ರಲ್ಲಿಯೇ ಅಲನ್ ಟ್ಯೂರಿಂಗ್ ತೋರಿಸಿದ್ದಾನೆ. ಹೀಗಿರಲು ಗಡಿಯಾರ ಹಿಡಿದು ಕಾಯುವುದೊಂದೇ ಉಪಾಯ. ವಿಕಿಪೀಡಿಯದಲ್ಲಿ 2013ರಿಂದ ಲುವಾ ಬಳಕೆಯಲ್ಲಿದೆ. ನಮ್ಮ ಕನ್ನಡ ವಿಕಿಪೀಡಿಯವೂ ಇದಕ್ಕೆ ಹೊರತಲ್ಲ. ಅಲ್ಲಿ ಒಂದು ಪುಟಕ್ಕೆ ದೊರೆಯುವ ಅವಧಿ 10 ಸೆಕೆಂಡು. ಮೀರಿದರೆ ಓಟವನ್ನು ಅಲ್ಲಿಗೇ ಕಡಿದು, ಪುಟದ ಮೇಲೆ ದೋಷದ ಸೂಚನೆಯನ್ನು ತೋರಿಸುತ್ತದೆ.

ತೋಟದಲ್ಲಿ ಇಷ್ಟೇ ಸಾಲದು. ಓಟವನ್ನು ಕಡಿದ ಗಳಿಗೆಯಲ್ಲಿ ವಾಲ್ವು ತೆರೆದಿದ್ದರೆ ನೀರು ಹರಿಯುತ್ತಲೇ ಇರುತ್ತದೆ. ಆಗ ವಾಲ್ವನ್ನು ಮುಚ್ಚಿ ಪಂಪನ್ನು ನಿಲ್ಲಿಸುವ ಹೊಣೆ ಮನೆಯೊಡೆಯನದೇ.